ಇಸುಬು ಇರುವ ಮಗುವಿಗೆ ದಿನಾ ಸ್ನಾನ ಮಾಡಿಸಬಹುದಾ?

ಪ್ರಶ್ನೆ: ನನ್ನ ಮಗನಿಗೆ 4 ವರ್ಷ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಇಸುಬು ಆಗಿದೆ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ. ಡಾಕ್ಟರು ಎಸ್ಜಿಮಾ ಅಂದರು, ದಿನಾ ಸ್ನಾನ ಮಾಡಿಸಿ ಅಂದರು. ಅತ್ತೆಯವರು ಮಾತ್ರ ನೀರು ಸೋಕಿದರೆ ಜಾಸ್ತಿಯಾಗುತ್ತದೆ, ವಾರಕ್ಕೊಮ್ಮೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ದಿನಾ ಸ್ನಾನ ಮಾಡಿಸಿ. ಆದರೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರು ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದಾರೆ. ಹಂಡೆಯ ಸುಡು ನೀರು ಹುಯ್ದು, ಸೋಪು ತಿಕ್ಕಿ, ಟವೆಲ್ಲಿನಿಂದ ಗಸಗಸ ಒರೆಸಿ ಹಾಗೇ ಬಿಟ್ಟರೆ ಇಸುಬು ನಿಜಕ್ಕೂ ಕೆರಳುತ್ತದೆ. ತೊಂದರೆ ಇರುವುದು ಸ್ನಾನದಲ್ಲಿ ಅಲ್ಲ, ಸ್ನಾನ ಆದಮೇಲೆ ಮೈಯನ್ನು ಸುಮ್ನೆ ಆರಲು ಬಿಡುವುದರಲ್ಲಿ.

ಚಳಿಗಾಲದಲ್ಲಿ ತುಟಿ ಒಣಗಿದಾಗ ನಾಲಿಗೆಯಿಂದ ಸವರಿಕೊಳ್ಳುತ್ತೇವೆ ಅಲ್ವಾ? ಒಂದು ಗಳಿಗೆ ಹಿತ. ಆಮೇಲೆ ಮೊದಲಿಗಿಂತ ಜಾಸ್ತಿ ಒಡೆಯುತ್ತದೆ. ಇಸುಬಿನ ಚರ್ಮದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ನಮ್ಮ ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗೆ. ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಇಸುಬು ಇರುವ ಮಕ್ಕಳಲ್ಲಿ ಈ ಗೋಡೆ ಬಿಗಿಯಾಗಿರುವುದಿಲ್ಲ. ಕೆಲವರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಒಳಗಿನ ತೇವ ಸೋರಿಹೋಗುತ್ತದೆ, ಹೊರಗಿನ ಧೂಳು, ಬೆವರು, ಸೋಪು ಒಳಗೆ ಚುಚ್ಚುತ್ತವೆ. ತುರಿಕೆ ಬರುವುದು ಹೀಗೆ. ಇದು ಅಂಟುರೋಗವಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ಶಾಲೆಯಲ್ಲಿ ಯಾರಾದರೂ ಮಗುವನ್ನು ದೂರ ಕೂರಿಸಿದರೆ ಇದನ್ನು ಗಟ್ಟಿಯಾಗಿ ಹೇಳಿ.

ನೀರು ಉಗುರುಬೆಚ್ಚಗಿರಲಿ. 5ರಿಂದ 10 ನಿಮಿಷ ಸಾಕು. ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ) ಸಾಮಾನ್ಯವಾಗಿ 9ರಿಂದ 10 ಇರುತ್ತದೆ, ಚರ್ಮದ್ದು 5ರ ಆಸುಪಾಸು. ಹಾಗಾಗಿ ಚರ್ಮದಲ್ಲಿ ಉಳಿದಿರುವ ಜಿಡ್ಡನ್ನೂ ಸೋಪು ತೊಳೆದುಬಿಡುತ್ತದೆ. ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಸೌಮ್ಯವಾದ ಕ್ಲೆನ್ಸರ್ ಹಚ್ಚಿ. ಕಡಲೆಹಿಟ್ಟು, ಸೀಗೆಪುಡಿ ಕೂಡ ಬೇಡ. ಅವೂ ಜಿಡ್ಡು ತೆಗೆಯುತ್ತವೆ, ಮೇಲಿಂದ ತರಿತರಿ ಬೇರೆ. ಹಬ್ಬದ ಎಣ್ಣೆಸ್ನಾನಕ್ಕೂ ಇದೇ ಮಾತು.

ಮುಖ್ಯ ಕೆಲಸ ಇನ್ನು ಮೇಲೆ. ಹಳೆಯ ಕಾಟನ್ ಪಂಚೆಯಲ್ಲಿ ಮೈಯನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಚರ್ಮ ಇನ್ನೂ ತಣ್ಣಗೆ, ಸ್ವಲ್ಪ ಒದ್ದೆಯಾಗಿ ಕೈಗೆ ಸಿಗಬೇಕು. ಆ ಸ್ಥಿತಿಯಲ್ಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ. ನನ್ನ ಮಗಳಿಗೂ ಇಸುಬು ಇತ್ತು. ಬೆಳಿಗ್ಗೆ ಎದ್ದರೆ ಹಾಸಿಗೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು. ಕ್ರೀಮು ರೂಮಿನ ಬೀರುವಿನಲ್ಲಿರುತ್ತಿತ್ತು. ಅವಳನ್ನು ಹಿಡಿದು, ಬಟ್ಟೆ ಹಾಕಿ, ಬೀರು ತೆಗೆಯುವಷ್ಟರಲ್ಲಿ ಮೈ ಒಣಗಿರುತ್ತಿತ್ತು. ಡಬ್ಬಿಯನ್ನು ಬಚ್ಚಲುಮನೆಯ ಕಿಟಕಿಗೆ ತಂದಿಟ್ಟೆ. ಅವಳು ಒದ್ದೆ ಕಾಲಲ್ಲಿ ಮಣೆ ಮೇಲೆ ನಿಂತಿರುವಾಗಲೇ ಹಚ್ಚತೊಡಗಿದೆ. ಕೆಲವು ವಾರಗಳಲ್ಲಿ ಆ ಚುಕ್ಕೆಗಳು ಕಡಿಮೆಯಾದವು.

ಯಾವ ಕ್ರೀಮು? ಸುವಾಸನೆ ಇಲ್ಲದ್ದು. ಬೆಲೆ ಜಾಸ್ತಿ ಇರಬೇಕೆಂದಿಲ್ಲ, ಸಾದಾ ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ವಿಜಯಪುರ, ಧಾರವಾಡದ ಒಣ ಚಳಿಗೆ ಅದೇ ಒಳ್ಳೆಯದು. ಮಂಗಳೂರಿನ ಸೆಕೆಗೆ ಮಾತ್ರ ಬೆವರುಸಾಲೆ ಏಳಬಹುದು, ಅಲ್ಲಿ ತೆಳು ಕ್ರೀಮು ಇರಲಿ. ಕೊಬ್ಬರಿ ಎಣ್ಣೆ ಹಿಡಿಸಿದರೆ ಹಚ್ಚಬಹುದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ. ಜಿಪುಣತನವೂ ಬೇಡ. ಮೈಯೆಲ್ಲ ಇಸುಬಿರುವ ಮಗುವಿಗೆ ವಾರಕ್ಕೆ 250 ಗ್ರಾಂ ಬೇಕಾಗುತ್ತದೆ. ದಿನಕ್ಕೆ ಎರಡು ಸಲವಾದರೂ ಹಚ್ಚಿ, ವಾಸಿಯಾದಂತೆ ಕಂಡ ದಿನಗಳಲ್ಲೂ. ಒಂದು ಎಚ್ಚರಿಕೆ: ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ದೀಪ, ಒಲೆ, ಪಟಾಕಿಯಿಂದ ಮಗು ದೂರ ಇರಲಿ.

ಕೆಂಪಾಗಿ ಕೆರಳಿದಾಗ ಡಾಕ್ಟರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರಿ ಬಿಡಬೇಡಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮಾಯಿಶ್ಚರೈಸರಿಗೂ ಇದಕ್ಕೂ ಅರ್ಧ ಗಂಟೆ ಅಂತರ ಇರಲಿ. ಹೇಳಿದಷ್ಟು ದಿನ ಮಾತ್ರ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ "ಎಲ್ಲ ತುರಿಕೆಗೂ ಒಂದೇ" ಟ್ಯೂಬು ಮಾತ್ರ ದಯವಿಟ್ಟು ಬೇಡ. ಅದರಲ್ಲಿ ಹಲವು ಸಲ ತೀಕ್ಷ್ಣ ಸ್ಟೀರಾಯ್ಡ್ ಇರುತ್ತದೆ. ಮಗುವಿನ ಚರ್ಮ ತೆಳುವಾಗುತ್ತದೆ. ಇರುವುದು ಇಸುಬಲ್ಲ, ಹುಳುಕಡ್ಡಿ ಅಂತಾದರೆ ಇನ್ನೂ ಹರಡುತ್ತದೆ.

ಉಗುರು ಚಿಕ್ಕದಾಗಿ ಕತ್ತರಿಸಿ. ಹತ್ತಿ ಬಟ್ಟೆ ಹಾಕಿ. ಹಾಲು, ಮೊಟ್ಟೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬೆಳೆಯುವ ಮಗು ಸೊರಗುತ್ತದೆ.

ಹಳದಿ ಹಕ್ಕಳೆ ಕಟ್ಟಿದರೆ, ಕೀವು ಸೋರಿದರೆ ಡಾಕ್ಟರಿಗೆ ತೋರಿಸಿ. ನೋಯುವ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದರೆ, ಜೊತೆಗೆ ಜ್ವರವೂ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ಅತ್ತೆಯವರು. ಕ್ರೀಮು ಹಚ್ಚುವ ಕೆಲಸವನ್ನು ಅವರ ಕೈಗೇ ಕೊಟ್ಟು ನೋಡಿ. ಮಕ್ಕಳಿಗೆ ಎಣ್ಣೆ ಹಚ್ಚಿ ಪಳಗಿದ ಕೈ ಅದು. ಒಂದೇ ವ್ಯತ್ಯಾಸ ಹೇಳಿಕೊಡಿ: ತಿಕ್ಕಿ ಇಂಗಿಸುವುದು ಬೇಡ, ರೋಮ ಮಲಗಿರುವ ದಿಕ್ಕಿಗೆ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರಿದರೆ ಸಾಕು.