ಸ್ಟೆಮ್ ಸೆಲ್ ಇಂಜೆಕ್ಷನ್: ಸಿರಿಂಜಿನಲ್ಲಿ ನಿಜವಾಗಿ ಏನಿರುತ್ತದೆ?

ಮಂಡಿನೋವು, ಬೆನ್ನುನೋವು, ಪಾರ್ಕಿನ್ಸನ್, ಆಟಿಸಂ. ಇಷ್ಟಕ್ಕೂ ಒಂದೇ ಮದ್ದು ಅಂತ ಯಾರಾದರೂ ಹೇಳಿದರೆ ತಕ್ಷಣ ಅನುಮಾನ ಬರಬೇಕು, ಅಲ್ವಾ? ಸ್ಟೆಮ್ ಸೆಲ್ ವಿಷಯದಲ್ಲಿ ಮಾತ್ರ ಆ ಅನುಮಾನ ತಡವಾಗಿ ಬರುತ್ತದೆ. ಯಾಕೆಂದರೆ ಇದರ ಹಿಂದಿರುವ ವಿಜ್ಞಾನ ಸುಳ್ಳಲ್ಲ.

ದೇಹದ ಬಹುಪಾಲು ಕೋಶಗಳಿಗೆ ಕೆಲಸ ಗೊತ್ತುಮಾಡಿಟ್ಟಿದೆ. ಚರ್ಮದ್ದು ಚರ್ಮದ ಕೆಲಸ, ನರದ್ದು ನರದ ಕೆಲಸ. ಸ್ಟೆಮ್ ಸೆಲ್ ಹಾಗಲ್ಲ. ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಬಲ್ಲದು, ಬೇರೆ ಬಗೆಯ ಕೋಶವಾಗಿಯೂ ಬೆಳೆಯಬಲ್ಲದು. ಮೂಳೆಮಜ್ಜೆಯಲ್ಲಿ ಇಂಥ ಕೋಶಗಳಿವೆ ಎಂದು ಟೊರಾಂಟೊದ ವಿಜ್ಞಾನಿಗಳಾದ ಟಿಲ್ ಮತ್ತು ಮೆಕಲಕ್ 1961ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ರಕ್ತದ ಕ್ಯಾನ್ಸರ್, ತಲಸ್ಸೇಮಿಯಾ ಮುಂತಾದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ನಿಂತಿರುವುದು ಈ ಕೋಶಗಳ ಮೇಲೆಯೇ. ಆ ಕಸಿಯನ್ನು ರೂಢಿಗೆ ತಂದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಇಲ್ಲಿ ಲಾಭ ಪಕ್ಕಾ, ಎಷ್ಟೋ ಜೀವಗಳು ಉಳಿದಿವೆ. ಆದರೆ ಅದು ಕೀಮೋ ಕೊಟ್ಟು, ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಂಡು, ರಕ್ತನಾಳದ ಮೂಲಕ ಕೋಶ ಸೇರಿಸುವ ದೊಡ್ಡ ಚಿಕಿತ್ಸೆ. ಮಧ್ಯಾಹ್ನ ಹೋಗಿ ಸಂಜೆ ಮನೆಗೆ ಬರುವ ಮಂಡಿ ಇಂಜೆಕ್ಷನ್ನಿಗೂ ಅದಕ್ಕೂ ಸಂಬಂಧ ಕಡಿಮೆ. ಜಾಹೀರಾತುಗಳು ಅದರ ಒಳ್ಳೆಯ ಹೆಸರನ್ನು ಇದಕ್ಕೆ ಅಂಟಿಸುತ್ತವೆ, ಅಷ್ಟೇ.

ಮಂಡಿಗೆ ಏನು ಮಾಡುತ್ತಾರೆ ನೋಡೋಣ. ನಿಮ್ಮನ್ನು ಬೋರಲು ಮಲಗಿಸುತ್ತಾರೆ. ಸೊಂಟದ ಹಿಂಬದಿಯ ಮೂಳೆಯ ಮೇಲೆ ಮರಗಟ್ಟುವ ಮದ್ದು ಕೊಟ್ಟು, ದಪ್ಪ ಸೂಜಿಯನ್ನು ಮೂಳೆಯೊಳಕ್ಕೆ ಇಳಿಸುತ್ತಾರೆ. ಮರಗಟ್ಟಿದ್ದರೂ ಮಜ್ಜೆ ಎಳೆಯುವಾಗ ಒಳಗಿನಿಂದ ಒಂಥರಾ ಸೆಳೆತ ಗೊತ್ತಾಗುತ್ತದೆ. ಬಂದ ಕೆಂಪು ದ್ರವವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಗಟ್ಟಿ ಭಾಗದ ಕೆಲವೇ ಮಿಲಿಲೀಟರನ್ನು ಮಂಡಿಗೆ ಚುಚ್ಚುತ್ತಾರೆ. ಅದರಲ್ಲಿ ಸ್ಟೆಮ್ ಸೆಲ್ ಎಷ್ಟು? ಮಜ್ಜೆಯ ಹತ್ತು ಸಾವಿರದಿಂದ ಒಂದು ಲಕ್ಷ ಕೋಶಗಳಲ್ಲಿ ಸುಮಾರು ಒಂದು. ಉಳಿದದ್ದು ಬೇರೆ ರಕ್ತಕೋಶಗಳು, ಪ್ಲೇಟ್‌ಲೆಟ್‌ಗಳು. ಕೆಲವರು ಹೊಟ್ಟೆಯ ಕೊಬ್ಬಿನಿಂದ ತೆಗೆಯುತ್ತಾರೆ, ಇನ್ನು ಕೆಲವರು ದಾನಿಗಳ ಹೊಕ್ಕುಳಬಳ್ಳಿಯಿಂದ. ಮಂಡಿಗೆ ಚುಚ್ಚುವ ಇನ್ನೊಂದು ಮದ್ದಾದ ಪಿಆರ್‌ಪಿ ಅನ್ನುವುದು ಇದಲ್ಲ, ಅದು ರೋಗಿಯ ರಕ್ತದಿಂದಲೇ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ.

ಚುಚ್ಚಿದ ಕೋಶ ಹೊಸ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಮೆತ್ತೆ) ಆಗಿ ಬೆಳೆಯುತ್ತದೆ ಅನ್ನುವುದು ಜನರಲ್ಲಿರುವ ಚಿತ್ರ. ಹೆಚ್ಚಿನ ಕೋಶಗಳು ಅಲ್ಲಿ ಬಹಳ ದಿನ ಉಳಿಯುವುದೇ ಇಲ್ಲ. ಊತ ತಗ್ಗಿಸುವ ರಾಸಾಯನಿಕ ಸಂಕೇತ ಬಿಟ್ಟು ಹೋಗುತ್ತವೆ ಎಂಬುದು ಈಗಿನ ತಿಳಿವಳಿಕೆ. ಮಂಡಿಗೆ ಚುಚ್ಚುವ ಈ ಬಗೆಯ ಕೋಶಗಳಿಗೆ 1991ರಲ್ಲಿ ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟ ಅಮೆರಿಕದ ವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್ ಅವರೇ, ಆ ಹೆಸರಿನಿಂದ ‘ಸ್ಟೆಮ್ ಸೆಲ್’ ಅನ್ನುವುದನ್ನು ಬಿಟ್ಟುಬಿಡಿ ಎಂದು 2017ರಲ್ಲಿ ಬರೆದರು.

ನೋವು ಕಡಿಮೆಯಾಗುತ್ತದಾ? ಆಗಬಹುದು. ಆದರೆ ಯಾವುದಕ್ಕೆ ಹೋಲಿಸಿದರೆ ಅನ್ನುವುದು ಮುಖ್ಯ. ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ, ಈ ಮೂರರಿಂದ ತೆಗೆದ ಕೋಶಗಳನ್ನೂ ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ನನ್ನೂ 470ಕ್ಕೂ ಹೆಚ್ಚು ಮಂಡಿ ಸವೆತದ ರೋಗಿಗಳಲ್ಲಿ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2023ರಲ್ಲಿ ಹೊರಬಂತು. ವರ್ಷದ ಕೊನೆಗೆ ನೋವಿನ ಲೆಕ್ಕದಲ್ಲಿ ಯಾವ ಕೋಶವೂ ಸ್ಟೀರಾಯ್ಡನ್ನು ಮೀರಿಸಲಿಲ್ಲ. ಮಂಡಿಗೆ ಬರೀ ಉಪ್ಪುನೀರು ಚುಚ್ಚಿದರೂ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಹಾಯೆನಿಸುತ್ತದೆ, ಇದನ್ನೂ ನೆನಪಿಡಿ. ಹಾಗಾಗಿ ‘ನನಗೆ ಗುಣವಾಯಿತು’ ಅನ್ನುವ ವಿಡಿಯೋ ಸುಳ್ಳಾಗಿರಬೇಕಿಲ್ಲ, ಆದರೂ ಅದು ಪುರಾವೆಯಲ್ಲ. ಒಂದೆರಡು ದೇಶಗಳು ಮಂಡಿಗಾಗಿ ನಿರ್ದಿಷ್ಟ ಉತ್ಪನ್ನಗಳಿಗೆ ಅನುಮತಿ ಕೊಟ್ಟಿವೆ. ಆ ಅನುಮತಿ ಆ ಉತ್ಪನ್ನಕ್ಕೆ, ಆ ಕಾಯಿಲೆಗೆ ಮಾತ್ರ.

‘ನಿಮ್ಮದೇ ಕೋಶ, ಅಪಾಯ ಏನು ಬಂತು?’ ಎಂಬ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅಮೆರಿಕದ ಫ್ಲಾರಿಡಾದ ಒಂದು ಕ್ಲಿನಿಕ್ಕಿನಲ್ಲಿ ಮೂವರು ವೃದ್ಧೆಯರ ಕಣ್ಣುಗಳಿಗೆ ಅವರದೇ ಕೊಬ್ಬಿನ ಕೋಶ ಚುಚ್ಚಿದರು. ಅದೂ ಎರಡೂ ಕಣ್ಣಿಗೆ, ಒಂದೇ ದಿನ. ಮೂವರ ದೃಷ್ಟಿಯೂ ತೀವ್ರವಾಗಿ ಹಾಳಾದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಮರುವರ್ಷ ಅಮೆರಿಕದಲ್ಲೇ ಹೊಕ್ಕುಳಬಳ್ಳಿ ರಕ್ತದ ಉತ್ಪನ್ನ ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. ಬೆನ್ನುಹುರಿಗೆ, ಮೆದುಳಿಗೆ ಕೋಶ ಹಾಕಿಸಿಕೊಂಡವರಲ್ಲಿ ವರ್ಷಗಳ ನಂತರ ಗಡ್ಡೆ ಬೆಳೆದ ಪ್ರಕರಣಗಳಿವೆ. ಮಂಡಿಗೆ ಚುಚ್ಚಿದಾಗ ಇಷ್ಟು ಆಗುವುದು ಅಪರೂಪ. ಸಾಮಾನ್ಯವಾಗಿ ಕೆಲವು ದಿನ ಊತ, ನೋವು, ಅಷ್ಟೇ.

ಹಾಗಾದರೆ ಯಾರು ಯೋಚಿಸಬಹುದು? ಸವೆತ ಇನ್ನೂ ಮಧ್ಯಮ ಹಂತದೊಳಗಿದ್ದು, ವ್ಯಾಯಾಮ, ತೂಕ ಇಳಿಸುವುದು, ಮಾಮೂಲಿ ಔಷಧ ಎಲ್ಲ ಮಾಡಿ ನೋಡಿದವರು. ಅದೂ ಸರಿಯಾದ ಅಧ್ಯಯನದೊಳಗೆ ಸೇರಿದರೆ ಒಳ್ಳೆಯದು. ಮೂಳೆಗೆ ಮೂಳೆ ತಾಗುತ್ತಿದ್ದರೆ ಇದರಿಂದ ದೊಡ್ಡ ಪ್ರಯೋಜನ ನಿರೀಕ್ಷಿಸಬೇಡಿ. ಸೋಂಕು ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ದೂರ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಬೇಕು.

ಅಧ್ಯಯನ ಅಂದೆ, ಅದರಲ್ಲೂ ಒಂದು ತೊಡಕಿದೆ. ಅಧ್ಯಯನಗಳ ಸರಕಾರಿ ನೋಂದಣಿ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅದನ್ನು ಯಾರೋ ಪರಿಶೀಲಿಸಿ ಒಪ್ಪಿದ್ದಾರೆ ಅಂತಲ್ಲ. ಫ್ಲಾರಿಡಾದ ಆ ಚಿಕಿತ್ಸೆಯೂ ಅಂಥ ಪಟ್ಟಿಯಲ್ಲಿತ್ತು. ಆ ಮೂವರೂ ತಲಾ 5,000 ಡಾಲರ್ ಕೊಟ್ಟಿದ್ದರು. ನಿಜವಾದ ಅಧ್ಯಯನಗಳಲ್ಲಿ ಪ್ರಯೋಗದ ಚಿಕಿತ್ಸೆಗೆ ಸಾಮಾನ್ಯವಾಗಿ ರೋಗಿಯಿಂದ ದುಡ್ಡು ಕೇಳುವುದಿಲ್ಲ.