ಹಿಂಡಿದಷ್ಟಕ್ಕೇ ದ್ರವವಾಗದ ಅನಿಲಗಳು

1823ರಲ್ಲಿ ಮೈಕೆಲ್ ಫ್ಯಾರಡೆ ಬಾಗಿದ ಗಾಜಿನ ಕೊಳವೆಯ ಒಂದು ತುದಿಯಲ್ಲಿ ಕ್ಲೋರಿನ್ ಹೈಡ್ರೇಟ್ (ನೀರಿನೊಡನೆ ಕೂಡಿದ ಕ್ಲೋರಿನ್) ಹರಳುಗಳನ್ನಿಟ್ಟು, ಬಾಯಿ ಮುಚ್ಚಿ ಕಾಯಿಸಿದರು. ಹೊರಬಿದ್ದ ಅನಿಲಕ್ಕೆ ಹೋಗಲು ಜಾಗವಿಲ್ಲ. ತನ್ನದೇ ಒತ್ತಡಕ್ಕೆ ಸಿಕ್ಕಿ ಅದು ಎಣ್ಣೆಯಂಥ ಹಳದಿ ದ್ರವವಾಯಿತು. ಇಂಥ ಕೊಳವೆಗಳು ಸಿಡಿದು ಅವರ ಕಣ್ಣಿಗೆ ಗಾಜಿನ ಚೂರು ಹೊಕ್ಕಿದ್ದೂ ಉಂಟು.

ಒತ್ತಡ ಹೆಚ್ಚಿಸಿದರೆ ಯಾವ ಅನಿಲವೂ ಮಣಿಯುತ್ತದೆ ಎಂಬ ನಂಬಿಕೆ ಅಲ್ಲಿಂದ ಬೇರೂರಿತು. ಆದರೆ ಆಮ್ಲಜನಕ, ಸಾರಜನಕ, ಜಲಜನಕ ಮಣಿಯಲಿಲ್ಲ. ವಿಯೆನ್ನಾದಲ್ಲಿ ನ್ಯಾಟರರ್ ವಾತಾವರಣದ ಒತ್ತಡದ ಸಾವಿರಾರು ಪಟ್ಟು ಹೇರಿದರೂ ಹನಿ ಕಾಣಲಿಲ್ಲ. ಇವುಗಳಿಗೆ ‘ಶಾಶ್ವತ ಅನಿಲ’ ಎಂಬ ಹೆಸರೇ ಬಿತ್ತು. 1845ರಲ್ಲಿ ಫ್ಯಾರಡೆ ಘನ ಇಂಗಾಲದ ಡೈಆಕ್ಸೈಡನ್ನು ಈಥರ್‌ನಲ್ಲಿ ಕಲಸಿ, ಗಾಳಿ ಹೀರಿ, ಸುಮಾರು −110 ಡಿಗ್ರಿ ಸೆಲ್ಸಿಯಸ್ ತಲುಪಿದ್ದರು. ಆಮ್ಲಜನಕದ ಮಟ್ಟಿಗೆ ಸಾಲದೆ ಬಂದದ್ದು ಎಂಟೊಂಬತ್ತು ಡಿಗ್ರಿ ಮಾತ್ರ. ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಗುಟ್ಟು ಬಿಡಿಸಿದವರು ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್. ಸಣ್ಣ ರಂಧ್ರದ ಗಾಜಿನ ಕೊಳವೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ, ಕೆಳಗೆ ಪಾದರಸವಿಟ್ಟು, ಉಕ್ಕಿನ ಸ್ಕ್ರೂ ತಿರುಗಿಸುತ್ತ ಒತ್ತಿದರು. ಕೋಣೆಯ ಉಷ್ಣತೆಯಲ್ಲಿ ದ್ರವದ ಮೇಲ್ಮೈ ಬಾಗಿದ ಗೆರೆಯಾಗಿ ಸ್ಪಷ್ಟ ಕಾಣುತ್ತಿತ್ತು. ಕೊಳವೆ ಬೆಚ್ಚಗಾಗುತ್ತ 31 ಡಿಗ್ರಿ ಸಮೀಪಿಸಿದಾಗ ಗೆರೆಯ ಬಾಗು ಕಳೆಯಿತು, ಗೆರೆ ಮಸುಕಾಯಿತು, ಕೊನೆಗೆ ಇಲ್ಲವಾಯಿತು. ಅದಕ್ಕಿಂತ ಬಿಸಿಯಿದ್ದರೆ ಎಷ್ಟು ಒತ್ತಿದರೂ ಗೆರೆ ಮರಳಲಿಲ್ಲ. ಈ ಮಿತಿಯೇ ಕ್ರಾಂತಿಕ ತಾಪ. 1869ರಲ್ಲಿ ಅವರು ಇದನ್ನು ವಿವರಿಸಿದರು. ಒತ್ತಡ ಅಣುಗಳನ್ನು ಹತ್ತಿರ ತರುತ್ತದೆ, ಅಷ್ಟೇ. ಅವುಗಳ ಓಟ ಪರಸ್ಪರ ಸೆಳೆತವನ್ನು ಮೀರುವಷ್ಟಿದ್ದರೆ ಹತ್ತಿರ ಬಂದೂ ಕೂಡಿಕೊಳ್ಳುವುದಿಲ್ಲ.

ಇಂದಿನ ಸಿಲಿಂಡರಿನಲ್ಲೂ ಇದೇ ಲೆಕ್ಕ. 20 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಗೇಜು ಸುಮಾರು 57 ಬಾರ್ ತೋರಿಸುತ್ತದೆ. ಒಳಗೆ ದ್ರವ ಇರುವವರೆಗೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲುವುದರಿಂದ, ಎಷ್ಟು ಉಳಿದಿದೆ ಎಂದು ತಿಳಿಯಲು ತೂಕವನ್ನೇ ನೋಡಬೇಕು. 31 ಡಿಗ್ರಿ ದಾಟಿದರೆ ದ್ರವವೇ ಇರದು, ತುಂಬಿದ ಸಿಲಿಂಡರಿನಲ್ಲಿ ಒತ್ತಡ ಕಡಿದಾಗಿ ಏರುತ್ತದೆ.

ಮುಂದಿನದೆಲ್ಲ ತಣಿಸುವ ಪೈಪೋಟಿ. 1877ರಲ್ಲಿ ಫ್ರಾನ್ಸಿನ ಕಯ್ಯೆಟೆ ವಾತಾವರಣದ 300 ಪಟ್ಟು ಒತ್ತಡದಲ್ಲಿದ್ದ ಆಮ್ಲಜನಕವನ್ನು ಥಟ್ಟನೆ ಸಡಿಲಿಸಿ ಮಂಜು ಕಂಡರು. 1883ರಲ್ಲಿ ಕ್ರಾಕೋವ್‌ನಲ್ಲಿ ಎಥಿಲೀನನ್ನು ನಿರ್ವಾತದಲ್ಲಿ ಕುದಿಸಿ −130ಕ್ಕೂ ಕೆಳಗಿಳಿದಾಗ ಆಮ್ಲಜನಕ ಕೊಳವೆಯಲ್ಲಿ ದ್ರವವಾಗಿ ನಿಂತಿತು.

1895ರಲ್ಲಿ ಜರ್ಮನಿಯ ಲಿಂಡೆ ಕಂಡುಕೊಂಡ ದಾರಿ ಸರಳ: ವಾತಾವರಣದ ಸುಮಾರು 200 ಪಟ್ಟು ಒತ್ತಡದ ಗಾಳಿಯನ್ನು ಕಿರಿದಾದ ವಾಲ್ವಿನಿಂದ ಹಿಗ್ಗಿಸುವುದು, ತಣಿದು ಮರಳುವ ಗಾಳಿಯಿಂದ ಒಳಬರುವ ಗಾಳಿಯನ್ನು ತಣಿಸುವುದು. ಒಂದು ಸುತ್ತಿಗೆ ಸಿಗುವ ತಂಪು ಅಲ್ಪ. ಸುತ್ತುಸುತ್ತಿಗೂ ಅದು ಕೂಡುತ್ತ ಹೋಗುತ್ತದೆ. ತೇವಾಂಶವನ್ನೂ ಇಂಗಾಲದ ಡೈಆಕ್ಸೈಡನ್ನೂ ಮೊದಲೇ ತೆಗೆಯದಿದ್ದರೆ ಅವು ಹೆಪ್ಪುಗಟ್ಟಿ ವಾಲ್ವು ಕಟ್ಟಿಕೊಳ್ಳುತ್ತದೆ. ಜಲಜನಕದ್ದು ಬೇರೆ ತೊಡಕು: ಕೋಣೆಯ ಉಷ್ಣತೆಯಲ್ಲಿ ಹೀಗೆ ಹಿಗ್ಗಿಸಿದರೆ ಅದು ಬಿಸಿಯಾಗುತ್ತದೆ. ಡ್ಯೂವರ್ 1898ರಲ್ಲಿ ಅದನ್ನು ಮೊದಲು ದ್ರವಗಾಳಿಯಲ್ಲಿ ತಣಿಸಿ ಗೆದ್ದರು.

ಉಳಿದದ್ದು ಹೀಲಿಯಂ, ಅದರ ಕ್ರಾಂತಿಕ ತಾಪ −268 ಡಿಗ್ರಿ. 1908ರ ಜುಲೈ 10ರಂದು ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್, ದ್ರವ ಜಲಜನಕದಿಂದ ತಣಿಸಿದ ಹೀಲಿಯಂ ಅನ್ನು ಸುತ್ತಿಸಿದರು. ಸಂಜೆಗೆ ಥರ್ಮಾಮೀಟರ್ ಇಳಿಯುವುದನ್ನು ನಿಲ್ಲಿಸಿತು, ಆದರೂ ದ್ರವ ಕಾಣಲಿಲ್ಲ. ಪಾತ್ರೆಗೆ ಕೆಳಗಿನಿಂದ ಬೆಳಕು ಬಿಟ್ಟಾಗ ಗಾಜಿನ ಗೋಡೆಗೆ ತಾಗಿದ ಮೇಲ್ಮೈಯ ಗೆರೆ ಚೂಪಾಗಿ ಕಂಡಿತು.