ಶಟರ್‌ಗೆ ಒಂದು ಅಳತೆ, ಬಾಕ್ಸ್‌ಗೆ ಇನ್ನೊಂದು ಅಳತೆ

ಕಿಚನ್ ಡಿಸೈನ್ ಫೈಲ್ ಡ್ರಿಲ್ಲಿಂಗ್‌ಗೆ ಬಂದಾಗ ನಾನು ಮೊದಲು ನೋಡುವುದು ಹಿಂಜಸ್ (ಬಾಗಿಲಿನ ಕೀಲು) ತೂತುಗಳನ್ನು. ಬಣ್ಣ, ಹ್ಯಾಂಡಲ್, ಲೈಟು ಎಲ್ಲ ಆಮೇಲೆ. ಯಾಕಂದ್ರೆ ತಪ್ಪು ಸಿಗುವುದು ಹೆಚ್ಚಾಗಿ ಅಲ್ಲೇ, ಅದೂ ಪ್ರತಿ ಸಲ ಒಂದೇ ತಪ್ಪು. ಶಟರ್‌ನಲ್ಲಿ, ಅಂದರೆ ಕಬೋರ್ಡ್ ಬಾಗಿಲಲ್ಲಿ, ಹಿಂಜಸ್‌ನ ದುಂಡು ಭಾಗ ಕೂರುವ ಕಪ್ ತೂತನ್ನು ಡಿಸೈನರ್‌ಗಳು ಶಟರ್ ಅಂಚಿನಿಂದ ಅಳೆದಿರುತ್ತಾರೆ. ಬಾಕ್ಸ್‌ನ, ಅಂದರೆ ಕಬೋರ್ಡ್ ಗೂಡಿನ, ಬದಿ ಹಲಗೆಗೆ ಹಿಂಜಸ್ ಹಿಡಿಸುವ ಪ್ಲೇಟ್ ತೂತನ್ನು ಬಾಕ್ಸ್ ಅಂಚಿನಿಂದ ಅಳೆದಿರುತ್ತಾರೆ. ಎರಡು ಕಡೆಯೂ 100 ಮಿ.ಮೀ. ಎಂದು ಟೈಪ್ ಮಾಡಿ, ಎರಡೂ ಎದುರುಬದುರು ಬರುತ್ತವೆ ಎಂದು ನಂಬಿರುತ್ತಾರೆ.

ಬರುವುದಿಲ್ಲ. ದಯವಿಟ್ಟು ಒಂದು ಪೇಪರ್ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ.

ಬಾಕ್ಸ್ ಎತ್ತರ 720. ಮೇಲೆ 2, ಕೆಳಗೆ 2 ಮಿ.ಮೀ. ಗ್ಯಾಪ್ ಬಿಟ್ಟರೆ ಶಟರ್ 716. ಶಟರ್‌ನ ಮೇಲಂಚಿನಿಂದ 100ಕ್ಕೆ ಕಪ್ ಹೊಡೆದರೆ, ಅದು ಬಾಕ್ಸ್‌ನ ಮೇಲಂಚಿನಿಂದ 102ರಲ್ಲಿ ನಿಲ್ಲುತ್ತದೆ. ಪ್ಲೇಟ್ ಇರುವುದು 100ರಲ್ಲಿ. ಕೆಳಗಿನ ಹಿಂಜಸ್‌ಗೂ ಇದೇ ಕಥೆ, ಆದರೆ ದಿಕ್ಕು ಉಲ್ಟಾ. ಮೇಲಿನ ಪ್ಲೇಟ್ 2 ಮಿ.ಮೀ. ಕೆಳಗೆ ಬರಬೇಕು, ಕೆಳಗಿನದು 2 ಮಿ.ಮೀ. ಮೇಲೆ ಹೋಗಬೇಕು. ಎರಡು ಪ್ಲೇಟ್‌ಗಳ ನಡುವೆ 520 ಇದೆ, ಎರಡು ಕಪ್‌ಗಳ ನಡುವೆ 516. ನಾಲ್ಕು ಮಿಲಿಮೀಟರ್ ವ್ಯತ್ಯಾಸ!

"ಸೈಟಲ್ಲಿ ಅಡ್ಜಸ್ಟ್ ಆಯ್ತಲ್ಲ ಸರ್" ಅನ್ನುತ್ತಾರೆ. ಆಗುತ್ತದೆ, ನಿಜ. ಬಹಳಷ್ಟು ಹಿಂಜಸ್‌ಗಳಲ್ಲಿ ಮೇಲೆ ಕೆಳಗೆ ಎರಡೆರಡು ಮಿಲಿಮೀಟರ್ ಸರಿಸುವ ಅವಕಾಶ ಇರುತ್ತದೆ. ಆದರೆ ಅದು ಇರುವುದು ಪಕ್ಕದ ಶಟರ್ ಜೊತೆ ಗೆರೆ ಕೂಡಿಸಲು, ಗೋಡೆ ಸೊಟ್ಟಗಿದ್ದರೆ ಸುಧಾರಿಸಲು. ಅಷ್ಟನ್ನೂ ಡ್ರಾಯಿಂಗ್ ತಪ್ಪಿಗೇ ಖರ್ಚು ಮಾಡಿದರೆ ಫಿಟ್ಟರ್ ಕೈಯಲ್ಲಿ ಏನು ಉಳಿಯಿತು? ಎರಡು ವರ್ಷ ಬಿಟ್ಟು ಶಟರ್ ಸ್ವಲ್ಪ ಇಳಿದಾಗ ಸ್ಕ್ರೂ ತಿರುಗಿಸಿ ಎತ್ತೋಣ ಅಂದರೆ, ಸ್ಕ್ರೂ ಆಗಲೇ ಕೊನೆ ಮುಟ್ಟಿರುತ್ತದೆ.

ಕೈಯಲ್ಲಿ ಕೆಲಸ ಮಾಡುವ ಬಡಗಿಗಳಿಗೆ ಈ ತೊಂದರೆಯೇ ಇರಲಿಲ್ಲ. ಬೆಂಗಳೂರಿನಲ್ಲಿ ನಾನು ನೋಡಿದ ಒಳ್ಳೆಯ ಬಡಗಿಗಳೆಲ್ಲ, ರಾಜಸ್ಥಾನದಿಂದ ಬಂದವರೂ ಸೇರಿ, ಮೊದಲು ಶಟರ್‌ಗೆ ಹಿಂಜಸ್ ಕೂರಿಸುತ್ತಾರೆ. ಶಟರ್‌ನ್ನು ಬಾಕ್ಸ್‌ಗೆ ಹಿಡಿದು, ಕೆಳಗೆ ಲ್ಯಾಮಿನೇಟ್ ಚೂರು ಕೊಟ್ಟು ಗ್ಯಾಪ್ ನೋಡಿ, ಆಮೇಲೆ ಪೆನ್ಸಿಲ್‌ನಲ್ಲಿ ಪ್ಲೇಟ್ ಜಾಗ ಗುರುತು ಮಾಡುತ್ತಾರೆ. ಅಂದರೆ ಪ್ಲೇಟ್ ಎಲ್ಲಿ ಬರಬೇಕು ಅಂತ ಶಟರೇ ಹೇಳುತ್ತದೆ. ಟೇಪ್ ಹಿಡಿಯುವ ಅಗತ್ಯವೇ ಬರಲ್ಲ. ಅವರ ಕೆಲಸ ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಮೆಷಿನ್‌ನಲ್ಲಿ) ಶಟರ್ ಮತ್ತು ಬದಿ ಹಲಗೆ ಬೇರೆ ಬೇರೆಯಾಗಿ ಮೆಷಿನ್ ಮೇಲೆ ಹೋಗುತ್ತವೆ. ಎರಡೂ ಒಂದನ್ನೊಂದು ನೋಡುವುದು ಸೈಟ್‌ನಲ್ಲೇ. ಹಾಗಾಗಿ ಬಡಗಿ ಪೆನ್ಸಿಲ್‌ನಲ್ಲಿ ಮಾಡುವ ಹೊಂದಾಣಿಕೆಯನ್ನು ನೀವು ಸಾಫ್ಟ್‌ವೇರ್ ಒಳಗೇ ಮಾಡಿರಬೇಕು.

ಗೋಲಾ ಪ್ರೊಫೈಲ್ (ಹ್ಯಾಂಡಲ್ ಬದಲು ಬೆರಳು ಹಾಕಿ ಎಳೆಯುವ ಪಟ್ಟಿ) ಬಂದ ಮೇಲಂತೂ ಈ ತಪ್ಪನ್ನು ಅಡ್ಜಸ್ಟ್ ಮಾಡಿ ಮುಚ್ಚಲು ಆಗುತ್ತಿಲ್ಲ. ಹ್ಯಾಂಡಲ್ ಇಲ್ಲದ ಬೇಸ್ ಯೂನಿಟ್‌ನಲ್ಲಿ (ಕೆಳಗಿನ ಕಬೋರ್ಡ್‌ನಲ್ಲಿ) ಬೆರಳು ಹೋಗಲು ಮೇಲೆ 30 ಮಿ.ಮೀ. ಬಿಟ್ಟಿದ್ದೀರಿ ಅಂದುಕೊಳ್ಳಿ. ಶಟರ್ 688 ಆಯಿತು. ಶಟರ್‌ನ 100 ಈಗ ಬಾಕ್ಸ್‌ನ 130. ಪ್ಲೇಟ್ ಮಾತ್ರ ಹಳೆಯ 100ರಲ್ಲೇ ಕೂತಿದೆ. ಇಲ್ಲಿ ಯಾವ ಸ್ಕ್ರೂ ಕೂಡ ಕಾಪಾಡುವುದಿಲ್ಲ. ಹೊಸ ತೂತು ಹೊಡೆಯಬೇಕು, ಹಳೆಯದಕ್ಕೆ ಮುಚ್ಚಳ ಹಾಕಬೇಕು. ಸಾಲ ಮಾಡಿ ಕಿಚನ್ ಮಾಡಿಸಿದವರು ಬಾಗಿಲು ತೆಗೆದಾಗಲೆಲ್ಲ ಆ ಮುಚ್ಚಳವನ್ನೇ ನೋಡಬೇಕು. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಪರಿಹಾರ ಕಷ್ಟದ್ದಲ್ಲ. ಎರಡೂ ತೂತುಗಳಿಗೆ ಒಂದೇ ಆಧಾರ ಕೊಡಿ. ನಾನು ಬಾಕ್ಸ್ ಅಂಚನ್ನೇ ಇಟ್ಟುಕೊಳ್ಳುತ್ತೇನೆ. ಗ್ಯಾಪ್ ಬದಲಾದರೆ ಶಟರ್ ಮೇಲಿನ ಅಳತೆ ತಾನಾಗಿಯೇ ಬದಲಾಗಲಿ. ಈ ಸೆಟ್ಟಿಂಗ್‌ನ ಹೆಸರು, ಅದು ಇರುವ ಜಾಗ ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಥರ, ಅದಕ್ಕೇ ಇಲ್ಲಿ ಬಟನ್ ಹೇಳುತ್ತಿಲ್ಲ. ಆದರೆ ಪರೀಕ್ಷೆ ಎಲ್ಲ ಕಡೆಯೂ ಒಂದೇ. ಮೇಲಿನ ಗ್ಯಾಪ್ 2 ಇದ್ದದ್ದನ್ನು ಸುಮ್ನೆ 30 ಮಾಡಿ. ಕಪ್ ಮತ್ತು ಪ್ಲೇಟ್ ಇನ್ನೂ ಒಂದೇ ಮಟ್ಟದಲ್ಲಿದ್ದರೆ ನಿಮ್ಮ ಲೈಬ್ರರಿ (ಸಾಫ್ಟ್‌ವೇರ್‌ನ ಸಿದ್ಧ ಮಾದರಿಗಳು) ಸರಿ ಇದೆ. ಒಂದು ಸರಿದು ಇನ್ನೊಂದು ಅಲ್ಲೇ ನಿಂತರೆ ಆ ಫೈಲ್ ಕಟಿಂಗ್‌ಗೆ ಕಳಿಸಬೇಡಿ.

ಇದೇ ಗೊಂದಲದ ತಮ್ಮ ಇನ್ನೊಬ್ಬನಿದ್ದಾನೆ. ಪ್ಲೇಟ್‌ನ ಎರಡು ಸ್ಕ್ರೂಗಳ ನಡುವೆ 32 ಮಿ.ಮೀ. ಇರುತ್ತದೆ, ಹಿಂಜಸ್‌ನ ಮಧ್ಯಗೆರೆ ಅವುಗಳ ನಡುವೆ ಹಾದುಹೋಗುತ್ತದೆ. ಮಧ್ಯ 102 ಆದರೆ ತೂತುಗಳು 86 ಮತ್ತು 118ರಲ್ಲಿ. ಕೆಲವರು 102ಕ್ಕೇ ಮೊದಲ ತೂತು ಇಡುತ್ತಾರೆ. ಹದಿನಾರು ಮಿಲಿಮೀಟರ್ ಹೋಯಿತು.

ಶೆಲ್ಫ್ ಬಗ್ಗೆಯೂ ಒಂದು ಮಾತು. ಮೂರು ಹಿಂಜಸ್ ಹಾಕಿದಾಗ ಸಾಫ್ಟ್‌ವೇರ್ ನಡುವಿನದನ್ನು ಶಟರ್‌ನ ಮಧ್ಯಕ್ಕೆ ಇಡುತ್ತದೆ, ಒಂದೇ ಶೆಲ್ಫ್ ಇದ್ದರೆ ಅದನ್ನೂ ಬಾಕ್ಸ್‌ನ ಮಧ್ಯಕ್ಕೆ ಇಡುತ್ತದೆ. ಎರಡೂ ಡಿಕ್ಕಿ ಹೊಡೆಯದೆ ಇನ್ನೇನು? ನಾನು ಹಿಂಜಸ್ ಮಧ್ಯದಿಂದ ಶೆಲ್ಫ್‌ಗೆ ಕನಿಷ್ಠ 50 ಮಿ.ಮೀ. ಬಿಡುತ್ತೇನೆ. ಒಳಗೆ ಡ್ರಾಯರ್ ಇದ್ದರೆ ಇನ್ನೂ ಜಾಸ್ತಿ ಯೋಚಿಸಬೇಕು.

ಕೊನೆಯದಾಗಿ ಒಂದು ಕೋರಿಕೆ. ಫೈಲ್ ಜೊತೆ ಹಿಂಜಸ್‌ನ ಮಾಡೆಲ್ ನಂಬರ್ ಕಳಿಸಿ, "ಸಾಫ್ಟ್ ಕ್ಲೋಸ್" ಅಂದರೆ ಸಾಲದು. ಕಪ್ 35 ಮಿ.ಮೀ. ಇದ್ದರೂ ಪಕ್ಕದ ಸ್ಕ್ರೂ ತೂತುಗಳು ಬೇರೆ ಬೇರೆ. ಬ್ಲುಮ್‌ನಲ್ಲಿ ಸಾಮಾನ್ಯವಾಗಿ 45 ಮಿ.ಮೀ. ಅಂತರ, ಹೆಟ್ಟಿಕ್‌ನಲ್ಲಿ ಹೆಚ್ಚಾಗಿ 52, ಇನ್ನು ಕೆಲವು 48. ಒಂದೇ ಕಂಪನಿಯಲ್ಲೂ ಮಾಡೆಲ್ ಮೇಲೆ ಬದಲಾಗಬಹುದು, ಕ್ಯಾಟಲಾಗ್ ನೋಡಿಯೇ ತೀರ್ಮಾನಿಸಿ. ಅಂಗಡಿಯವರು ಸ್ಟಾಕ್ ಇಲ್ಲ ಅಂತ ಬೇರೆ ಬ್ರಾಂಡ್ ಕೊಟ್ಟರೆ ಶೀಟ್ ಮೆಷಿನ್ ಮೇಲೆ ಹೋಗುವ ಮೊದಲೇ ಡ್ರಿಲ್ಲಿಂಗ್‌ನವರಿಗೆ ಒಂದು ಫೋನ್ ಮಾಡಿ. ರಾತ್ರಿ ಹತ್ತಾದರೂ ಪರವಾಗಿಲ್ಲ.